ಬೀಗ ಹಾಕಿದ ಮನೆಗೆ ಬ್ಯಾಂಕಿನ ಕಂತು

ಬಡವನ ಮನೆ ಕೆಡವಲು ಬುಲ್ಡೋಜರೇ ಬರಬೇಕೆಂದೇನೂ ಇಲ್ಲ. ಬುಲ್ಡೋಜರ್ ಬಂದರೆ ಸದ್ದಾಗುತ್ತದೆ, ಟಿವಿಯವರು ಬರುತ್ತಾರೆ, ವಕೀಲರು ಓಡಾಡುತ್ತಾರೆ. ಹದಿನೈದು ದಿನದ ನೋಟಿಸ್ ಕೊಡದೆ ಮನೆ ಕೆಡವಕೂಡದೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 13ರಂದು ಹೇಳಿಯೂ ಆಗಿದೆ. ಇದಕ್ಕಿಂತ ಸಲೀಸಾದ ದಾರಿ ಒಂದಿದೆ. ಮನೆಯನ್ನು ಮುಕ್ಕಾಲು ಪಾಲು ಕಟ್ಟಬೇಕು. ಅಷ್ಟರಲ್ಲಿ ಚುನಾವಣೆ ಬಂದು ಸರ್ಕಾರ ಬದಲಾಗಬೇಕು. ಹೊಸಬರು ಬಂದು ‘ಇದು ಅವರ ಕಾಲದ್ದು’ ಎಂದು ಕೆಲಸ ನಿಲ್ಲಿಸಬೇಕು. ಆಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ. ಮಳೆ, ಬಿಸಿಲು, ಸರ್ಕಾರಿ ಜಾಲಿ ಮತ್ತು ಕಿಟಕಿ ಕಳ್ಳರು ಸೇರಿ ಉಳಿದದ್ದನ್ನು ಮುಗಿಸುತ್ತಾರೆ. ಈ ಕೆಡವುವಿಕೆಗೆ ನೋಟಿಸ್ ಇಲ್ಲ, ತಡೆಯಾಜ್ಞೆ ಇಲ್ಲ, ಅಪರಾಧಿಯೂ ಇಲ್ಲ.

ಆಂಧ್ರದ ಪೇಟೆಗಳ ಅಂಚಿನಲ್ಲಿ ಬಸ್ಸಿನ ಕಿಟಕಿಯಿಂದ ಇಂಥವನ್ನು ನೀವು ನೋಡಿರುತ್ತೀರಿ. ನೆಲಮಹಡಿ ಸೇರಿ ನಾಲ್ಕು ಅಂತಸ್ತಿನ ಬ್ಲಾಕುಗಳು, ಒಂದರ ಹಿಂದೊಂದು, ಒಂದೇ ಅಚ್ಚಿನವು. ಮಂದಿ ಇವನ್ನು ‘ಟಿಡ್ಕೊ ಮನೆ’ ಎನ್ನುತ್ತಾರೆ. ಕಟ್ಟಿಸಿದ ನಿಗಮದ ಪೂರ್ತಿ ಹೆಸರು ಆಂಧ್ರಪ್ರದೇಶ ಟೌನ್‌ಶಿಪ್ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ. ಅಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿ ಆದೋನಿಗೂ ಎಮ್ಮಿಗನೂರಿಗೂ ಇವು ಬಂದವು. ಆದೋನಿಯೆಂದರೆ ಹತ್ತಿಯ ಪೇಟೆ. ಯಾರ್ಡಿನಲ್ಲಿ ಅಂಡಿಗೆ ಹೊರುವ ಹಮಾಲರು, ಜಿನ್ನಿಂಗ್ ಮಿಲ್ಲಿನ ದೂಳಿನಲ್ಲಿ ಹತ್ತಿ ಆರಿಸುವ ಹೆಣ್ಣುಮಕ್ಕಳು, ಎಣ್ಣೆ ಮಿಲ್ಲಿನ ಕೂಲಿಗಳು, ತಳ್ಳುಗಾಡಿಯವರು: ಬಾಡಿಗೆ ಕೋಣೆಯಲ್ಲಿ ಹುಟ್ಟಿ ಬಾಡಿಗೆ ಕೋಣೆಯಲ್ಲೇ ಸಾಯುವ ಜನ. ಮನೆ ಕೊಡುತ್ತೇವೆ ಎಂದು ಸರ್ಕಾರ ಹೇಳಿದ್ದು ಇವರಿಗೆ.

ಹೇಗೆ ಕೊಟ್ಟಿತು ನೋಡಿ. ಕೇಂದ್ರ ಸರ್ಕಾರ 2015ರ ಜೂನ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗವನ್ನು ಶುರು ಮಾಡಿತು. ಒಂದು ಮನೆಗೆ ಕೇಂದ್ರದ್ದು ಒಂದೂವರೆ ಲಕ್ಷ, ರಾಜ್ಯದ್ದು ಒಂದೂವರೆ ಲಕ್ಷ, ಮಿಕ್ಕದ್ದು ಫಲಾನುಭವಿಯ ಕೈಯಿಂದ ಮತ್ತು ಅವನ ಹೆಸರಿನ ಬ್ಯಾಂಕ್ ಸಾಲದಿಂದ. ತೆಲುಗು ದೇಶಂ ಸರ್ಕಾರ ಮೂರು ಅಳತೆ ಗೊತ್ತು ಮಾಡಿತು: 300, 365, 430 ಚದರಡಿ. 365ರ ಮನೆ ಬೇಕಾದವರು 50,000 ಕಟ್ಟಬೇಕು, 430ರವರು ಒಂದು ಲಕ್ಷ. ಓಲೆ ಮಾರಿದರು, ಮೀಟರ್ ಬಡ್ಡಿಗೆ ತಂದರು, ಡಿಡಿ ತೆಗೆದರು. ಸಾಲದ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರು: 365ಕ್ಕೆ 3.15 ಲಕ್ಷ, 430ಕ್ಕೆ 3.65 ಲಕ್ಷ. ಕಟ್ಟಡ ಏಳುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತಲ್ಲ, ನಂಬದೆ ಏನು ಮಾಡಿಯಾರು?

2019ರಲ್ಲಿ ವೈಎಸ್ಆರ್ ಕಾಂಗ್ರೆಸ್ ಗೆದ್ದಿತು. ಕೆಲಸ ನಿಂತಿತು. ಪರಿಶೀಲನೆ ಎಂದರು, ರಿವರ್ಸ್ ಟೆಂಡರ್ ಎಂದರು, ಹಿಂದಿನವರ ಗುತ್ತಿಗೆಯಲ್ಲಿ ಕೊಳ್ಳೆ ನಡೆದಿದೆ ಎಂದರು. ನಡೆದಿರಲಿಲ್ಲ ಎಂದು ಪ್ರಮಾಣ ಮಾಡಲು ನಾನು ಯಾರು? ಕೊಳ್ಳೆ ನಡೆದಿದ್ದರೆ ಕೊಳ್ಳೆ ಹೊಡೆದವನ ಕೈಗೆ ಕೋಳ ಹಾಕಬೇಕು. ಮನೆಗೆ ಕಾದು ಕೂತವಳ ಬಾಗಿಲಿಗೆ ಬೀಗ ಹಾಕುವುದು ಯಾವ ನ್ಯಾಯ? ರಾಜ್ಯದ ಲೆಕ್ಕವನ್ನು ಬಹಳ ಇಳಿಸಿ 2.62 ಲಕ್ಷ ಮನೆಗೆ ತಂದು ನಿಲ್ಲಿಸಿದರು. 300 ಚದರಡಿಯ ಮನೆ ಒಂದು ರೂಪಾಯಿಗೆ ಎಂದರು. ಮಿಕ್ಕ ಎರಡರ ಮುಂಗಡವನ್ನು ಅರ್ಧಕ್ಕೆ ಇಳಿಸಿದರು. ಒಳ್ಳೆಯದೇ. ಬಡವನ ಹೆಗಲಿಂದ ಒಂದು ಪೈಸೆ ಇಳಿದರೂ ಒಳ್ಳೆಯದೇ. ಆದರೆ ಒಂದು ರೂಪಾಯಿಯ ಮನೆಯಾದರೂ ಅದಕ್ಕೆ ನೀರಿನ ಪೈಪು ಬೇಕು, ಒಳಚರಂಡಿ ಬೇಕು, ರಸ್ತೆ ಬೇಕು, ಕರೆಂಟ್ ಕಂಬ ಬೇಕು. ಅವು ಬಾರದೆ ಬ್ಲಾಕುಗಳು ವರ್ಷಗಟ್ಟಲೆ ಖಾಲಿ ನಿಂತವು. ಅಲ್ಲೊಂದು ಊರಲ್ಲಿ ಕೀಲಿ ಕೊಟ್ಟರು, ಇಲ್ಲೊಂದು ಊರಲ್ಲಿ ಫೋಟೊ ತೆಗೆಸಿಕೊಂಡು ಹೋದರು. ರಾಜ್ಯದ ಎಷ್ಟೋ ಪೇಟೆಗಳಲ್ಲಿ ಬಾಗಿಲು, ಕಿಟಕಿ, ವೈರು, ನಲ್ಲಿಗಳನ್ನು ಕಿತ್ತುಕೊಂಡು ಹೋದವರಿಗೆ ಮಾತ್ರ ಅವು ಉಪಯೋಗಕ್ಕೆ ಬಂದವು.

ಬ್ಯಾಂಕು ಮಾತ್ರ ಕಾಯಲಿಲ್ಲ. ಮೊದಲ ಕಂತಿಗೆ ಕೊಟ್ಟ ವಿನಾಯಿತಿಯ ಅವಧಿ ಮುಗಿಯಿತು, ನೋಟಿಸ್ ಬಂತು. ಶೇಕಡಾ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷದ ಅವಧಿ ಎಂದು ನೀವೇ ಲೆಕ್ಕ ಹಾಕಿ: 3.15 ಲಕ್ಷಕ್ಕೆ ತಿಂಗಳ ಕಂತು 2,700 ರೂಪಾಯಿ ದಾಟುತ್ತದೆ. ಇರುವ ಕೋಣೆಗೆ ಬಾಡಿಗೆ ಬೇರೆ. ಕಾಲಿಡದ ಮನೆಗೆ ಕಂತು ಕಟ್ಟಬೇಕು, ಕಟ್ಟದಿದ್ದರೆ ಸಾಲಗಾರನ ಹೆಸರು ಕೆಡುತ್ತದೆ, ಮುಂದೆ ಸ್ವಸಹಾಯ ಸಂಘದ ಸಾಲವೂ ಹುಟ್ಟುವುದಿಲ್ಲ. ಮನೆ ಕೊಡುತ್ತೇನೆಂದು ದುಡ್ಡು ತೆಗೆದುಕೊಂಡು ಕೊಡದೆ ಹೋದ ಬಿಲ್ಡರನ ಮೇಲೆ ಕೇಸು ಹಾಕಲು 2016ರ ರೇರಾ ಕಾಯ್ದೆ ಇದೆ, ಗ್ರಾಹಕರ ನ್ಯಾಯಾಲಯ ಇದೆ. ಆ ಬಾಗಿಲು ತಟ್ಟಲು ವಕೀಲ ಬೇಕು, ವಾಯಿದೆಗೆ ತಿರುಗಾಡಲು ದಿನ ಬೇಕು. ಹಮಾಲನಿಗೆ ಒಂದು ವಾಯಿದೆ ಎಂದರೆ ಒಂದು ದಿನದ ಕೂಲಿ. ಖಾಸಗಿ ಬಿಲ್ಡರ್ ಮಾಡಿದರೆ ಮೋಸ ಎನ್ನುವುದನ್ನು ಸರ್ಕಾರ ಮಾಡಿದಾಗ ‘ನೀತಿಯ ಮರುಪರಿಶೀಲನೆ’ ಎನ್ನುತ್ತಾರೆ.

2024ರ ಜೂನ್‌ನಲ್ಲಿ ಮತ್ತೆ ಸರ್ಕಾರ ಬದಲಾಯಿತು. ಟಿಡ್ಕೊ ಮನೆಗಳನ್ನು ಪೂರ್ತಿ ಮಾಡುತ್ತೇವೆ ಎನ್ನುವ ಗಡುವುಗಳು ಮತ್ತೆ ಕೇಳಿಬರುತ್ತಿವೆ. ಆಗಲಿ. ಈಗ ಅನಾಥವಾಗುವ ಸರದಿ ಇನ್ನೊಂದರದ್ದು.

ಆ ಇನ್ನೊಂದು ಜಗನನ್ನ ಕಾಲನಿ. 2020ರ ಡಿಸೆಂಬರ್ 25ರಂದು ಆಗಿನ ಮುಖ್ಯಮಂತ್ರಿ ಪೂರ್ವ ಗೋದಾವರಿಯ ಕೊಮರಗಿರಿಯಲ್ಲಿ ಶುರು ಮಾಡಿದ ಯೋಜನೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನಿವೇಶನ ಪಟ್ಟಾ, 17 ಸಾವಿರ ಕಾಲನಿ. ಹಳ್ಳಿಯಲ್ಲಿ ಒಂದೂವರೆ ಸೆಂಟು, ಪೇಟೆಯಲ್ಲಿ ಒಂದು ಸೆಂಟು. ಒಂದು ಸೆಂಟೆಂದರೆ 435 ಚದರಡಿ. ಇಷ್ಟರಲ್ಲಿ ಸಂಸಾರ ಮಾಡುವುದು ಹೇಗೆ, ಆರೋಗ್ಯದ ಗತಿಯೇನು ಎಂದು 2021ರ ಅಕ್ಟೋಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೇಳಿ ಕಟ್ಟುವುದನ್ನೇ ತಡೆದಿತ್ತು; ಮರುತಿಂಗಳು ವಿಭಾಗೀಯ ಪೀಠ ಆ ತೀರ್ಪನ್ನು ತೆಗೆದುಹಾಕಿತು. ಪ್ರಶ್ನೆ ಮಾತ್ರ ಉಳಿದೇ ಇದೆ.

ಕೋರ್ಟು ಕೇಳದ ಪ್ರಶ್ನೆಯೊಂದನ್ನು ಆದೋನಿ, ಆಲೂರು ಕಡೆಯ ಯಾವ ಮೇಸ್ತ್ರಿಯಾದರೂ ಕೇಳುತ್ತಾನೆ: ‘ಎರೆ ನೆಲದಾಗ ಪಾಯಕ್ಕ ಎಷ್ಟು ಹೋಗ್ತೈತಿ ಗೊತ್ತೇನ್ರಿ?’ ಈ ಸೀಮೆಯ ಬಹುಪಾಲು ಹತ್ತಿ ಬೆಳೆಯುವ ಕಪ್ಪು ನೆಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೇಲೆ ನಿಂತ ಗೋಡೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಗರಸು ಸಿಗುವವರೆಗೆ ಅಗೆದು, ಕಲ್ಲು ತುಂಬಿ, ಬೆಡ್ ಹಾಕಿ, ಪ್ಲಿಂತ್ ಬೀಮ್ ಕಟ್ಟದೆ ಇಲ್ಲಿ ಮನೆ ನಿಲ್ಲುವುದಿಲ್ಲ. ಸರ್ಕಾರ ಕೊಟ್ಟದ್ದು ಒಂದು ಮನೆಗೆ 1.80 ಲಕ್ಷ. ಕೆಂಪು ಗರಸಿನ ಮೇಲೆ ಕಟ್ಟುವವನಿಗೂ ಅಷ್ಟೇ, ಎರೆಯಲ್ಲಿ ಕಟ್ಟುವವನಿಗೂ ಅಷ್ಟೇ. ಬೇಸ್‌ಮೆಂಟಿಗೊಂದು ಬಿಲ್ಲು, ರೂಫ್ ಲೆವೆಲ್ಲಿಗೊಂದು, ಸ್ಲ್ಯಾಬಿಗೊಂದು. ಫೋಟೊ ಹೊಡೆದು ಜಿಯೊ ಟ್ಯಾಗ್ ಮಾಡಿದ ಮೇಲೆ ಬಿಲ್ಲು. ಬಿಲ್ಲಿನ ಅಷ್ಟೂ ಹಣ ನೆಲದೊಳಗೇ ಹೂತುಹೋದ ಮೇಲೆ ಗೋಡೆ ಎಬ್ಬಿಸುವುದು ಯಾವುದರಿಂದ? ಹೊರಗಿಂದ ತಂದ ಸಾಲದಿಂದ. ಸಾಲ ತೀರಿಸುವುದು ಹೇಗೆ? ಗುಂಟೂರಿಗೆ ಹೋಗಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಸಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯ, ಹೊಳಗುಂದ ಮಂಡಲಗಳ ಕಷ್ಟವನ್ನು ವಸತಿ ಯೋಜನೆ ಬರೆದವರಿಗೆ ಯಾರೂ ಹೇಳಿಲ್ಲ, ಹೇಳಿದ್ದರೂ ಅವರು ಕೇಳಿಸಿಕೊಂಡಿಲ್ಲ. ಕೂಲಿಗಾಗಿ ಹೀಗೆ ಗುಳೆ ಹೋಗುವುದನ್ನು ಮಂದಿ ‘ಸುಗ್ಗಿಗೆ ಹೋಗುವುದು’ ಎನ್ನುತ್ತಾರೆ. ಮುಂಗಾರು ಕೈಕೊಟ್ಟ ವರ್ಷ ದೀಪಾವಳಿ ಕಳೆಯುವುದೇ ತಡ, ಟೆಂಪೊ, ಬೊಲೆರೊ, ಸಿಕ್ಕಿದ ರೈಲು ಹಿಡಿದು ಗುಂಟೂರು, ಪಲ್ನಾಡಿನ ಕಡೆ ಹತ್ತಿ ಬಿಡಿಸಲು, ಆಮೇಲೆ ಮೆಣಸಿನಕಾಯಿ ಕೊಯ್ಯಲು. ಕೆಲವರು ತೆಲಂಗಾಣಕ್ಕೆ. ಗಾರೆ ಕೆಲಸ ಬಲ್ಲವರು ಬೆಂಗಳೂರಿಗೆ. ಮುಂಗಡ ಕೊಟ್ಟ ಮೇಸ್ತ್ರಿ ಹೇಳಿದ ದಿನ ಹೊರಡಬೇಕು. ಊರಲ್ಲಿ ಮುದುಕರು ಉಳಿಯುತ್ತಾರೆ, ಬಾಗಿಲಿಗೆ ಮುಳ್ಳು ಹಚ್ಚುತ್ತಾರೆ. ಹೋದ ಕಡೆ ಹೊಲದ ದಂಡೆಯಲ್ಲಿ ತಾಡಪತ್ರಿಯ ಗುಡಾರ. ಯುಗಾದಿಗೆ ಹಿಂತಿರುಗಿದರೆ ಪುಣ್ಯ.

ಈಗ ಈ ಸಂಸಾರಕ್ಕೆ ಕಾಲನಿಯಲ್ಲಿ ಪಟ್ಟಾ ಬಂದಿದೆ ಎಂದುಕೊಳ್ಳಿ. ಮನೆ ಕಟ್ಟುವ ಕಾಲ ಮಳೆ ನಿಂತ ಮೇಲಿನದು. ಅವರು ಊರಲ್ಲಿಲ್ಲದ ಕಾಲವೂ ಅದೇ. ಫೋಟೊಗೆ ನಿಲ್ಲಲು, ಬೆರಳಚ್ಚು ಕೊಡಲು ಫಲಾನುಭವಿ ಬೇಕು. ಆಕೆ ಮೆಣಸಿನ ಹೊಲದಲ್ಲಿದ್ದಾಳೆ. ಕಟ್ಟದೆ ಬಿಟ್ಟರೆ ಪಟ್ಟಿಯಲ್ಲಿ ‘ಶುರು ಮಾಡಿಲ್ಲ’ ಎಂಬ ಷರಾ ಬೀಳುತ್ತದೆ. ಅಧಿಕಾರಿಯ ಕಣ್ಣಿಗೆ ಇದು ಫಲಾನುಭವಿಯ ನಿರಾಸಕ್ತಿ! ಹೊಟ್ಟೆಪಾಡಿಗೆ ನೂರಾರು ಮೈಲಿ ಹೋದವಳಿಗೆ ಸ್ವಂತ ಮನೆಯ ಮೇಲೆ ಆಸಕ್ತಿ ಇಲ್ಲವಂತೆ. ಇಂಥ ಮಾತು ಬರೆಯುವ ಕೈಯನ್ನು ಜನವರಿಯ ಒಂದು ವಾರ ಗುಂಟೂರಿನ ಮೆಣಸಿನ ಘಾಟಿನಲ್ಲಿ ಕೆಲಸಕ್ಕೆ ಹಚ್ಚಬೇಕು ಅನ್ನಿಸುತ್ತದೆ.

ಸುಗ್ಗಿಗೆ ಹೋದವರ ಮಕ್ಕಳಿಗಾಗಿ ಸರ್ಕಾರಿ ಶಾಲೆಗಳಲ್ಲೇ ಋತುಮಾನದ ಹಾಸ್ಟೆಲು ನಡೆಸುವ ಏರ್ಪಾಡು ಈ ಮಂಡಲಗಳಲ್ಲಿದೆ, ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ. ಒಳ್ಳೆಯ ಏರ್ಪಾಡು. ಮಗುವಿಗೆ ಊಟ, ಮಲಗಲು ಜಾಗ, ಓದಿಸಲು ಒಬ್ಬರು. ವಸತಿ ಎಂದರೆ ನಾಲ್ಕು ಗೋಡೆ ಮಾತ್ರ ಅಲ್ಲ, ಇದೂ ವಸತಿಯೇ. ಆದರೆ ಇದೂ ವರ್ಷವರ್ಷ ಮಂಜೂರಾಗಿ ಬರಬೇಕು. ಮಂಜೂರಾತಿ ತಡವಾದರೆ ತಾಯಿ ಮಗುವನ್ನು ಯಾರ ಕೈಗೆ ಕೊಟ್ಟು ಹೋಗಬೇಕು? ಕರೆದುಕೊಂಡೇ ಹೋಗುತ್ತಾಳೆ. ಅಲ್ಲಿಗೆ ಆ ವರ್ಷದ ಓದು ಮುಗಿಯಿತು. ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹಾಜರಿ ಕುಸಿಯಿತೆಂದರೆ ಶಾಲೆಯ ಮೇಲೇ ಕತ್ತಿ. ಗಡಿನಾಡಿನಲ್ಲಿ ಕನ್ನಡ ಶಾಲೆ ಉಳಿಸಿ ಎಂದು ಬೆಂಗಳೂರಿನ ವೇದಿಕೆಗಳಲ್ಲಿ ಭಾಷಣ ಮಾಡುವವರು ಈ ಹಾಸ್ಟೆಲಿನ ಬಗ್ಗೆ ಬಾಯಿ ಬಿಟ್ಟದ್ದು ನಾನು ಕೇಳಿಲ್ಲ.

ಗಡಿನಾಡು ಎಂದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯನ್ನು ಹರಿದು ಹಂಚಿದರು. ಆದೋನಿ, ಆಲೂರು ಕರ್ನೂಲಿಗೆ ಹೋದವು, ರಾಯದುರ್ಗ ಅನಂತಪುರಕ್ಕೆ. ಮಿಕ್ಕದ್ದು ಮೈಸೂರಿಗೆ ಬಂತು. ಹಳೆಯ ಗಾಯ, ಅದನ್ನು ಕೆರೆದು ರಕ್ತ ಬರಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಗೆರೆ ಇವತ್ತಿಗೂ ಬಡವನ ಮನೆಯ ಒಳಗೇ ಹಾದುಹೋಗುತ್ತಿದೆ ಎನ್ನುವುದಕ್ಕೆ ಲೆಕ್ಕ ಕೊಡುತ್ತೇನೆ.

ಈ ಸೀಮೆಯಲ್ಲಿ ವಾಲ್ಮೀಕಿ ಬೋಯರು ಹೆಚ್ಚು. ಆಚೆ ಸಿರುಗುಪ್ಪದಲ್ಲಿ ಇವರ ಬೀಗರು, ನಾಯಕರು. ಹೆಣ್ಣು ಕೊಟ್ಟು ತಂದುಕೊಂಡ ಒಂದೇ ಬಳಗ. ಕರ್ನಾಟಕದಲ್ಲಿ ಇವರು ಪರಿಶಿಷ್ಟ ಪಂಗಡ. ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು 1991ರಲ್ಲಿ ಪಟ್ಟಿ ಸೇರಿದವು. ಸಿರುಗುಪ್ಪದ ವಿಧಾನಸಭಾ ಸ್ಥಾನವೇ ಎಸ್‌ಟಿ ಮೀಸಲು. ಗಡಿ ದಾಟಿ ಈಚೆ ಬಂದರೆ ಅದೇ ಬಳಗ ಹಿಂದುಳಿದ ವರ್ಗದ ‘ಎ’ ಗುಂಪು. ಆಂಧ್ರದಲ್ಲಿ ವಾಲ್ಮೀಕಿಯವರು ಎಸ್‌ಟಿ ಆಗುವುದು ‘ಏಜೆನ್ಸಿ’ ಎನ್ನುವ ಬುಡಕಟ್ಟು ಪ್ರದೇಶದಲ್ಲಿ ಮಾತ್ರ. ಇವರನ್ನು ಎಸ್‌ಟಿ ಮಾಡಿ ಎಂದು ಆಂಧ್ರ ವಿಧಾನಸಭೆ 2017ರ ಡಿಸೆಂಬರಿನಲ್ಲಿ ಒಮ್ಮೆ, 2023ರ ಮಾರ್ಚಿನಲ್ಲಿ ಇನ್ನೊಮ್ಮೆ ನಿರ್ಣಯ ಮಾಡಿತು. ಎರಡೂ ಪಕ್ಷದವರು ಒಂದೊಂದು ಸಲ ಹಾರ ಹಾಕಿಸಿಕೊಂಡರು, ಚುನಾವಣೆ ಎದುರಿಸಿದರು. ಮನೆಯ ವಿಷಯದಲ್ಲಿ ಇದರ ಫಲ ಏನು ಗೊತ್ತೇ? ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸಲು ಈಗಿನ ಸರ್ಕಾರ 2025ರಲ್ಲಿ ಹೆಚ್ಚುವರಿ ಹಣ ಘೋಷಿಸಿತು: ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗಕ್ಕೆ 50,000, ಪರಿಶಿಷ್ಟ ಪಂಗಡಕ್ಕೆ 75,000. ಒಂದೇ ಎರೆ ನೆಲ, ಒಂದೇ ಸಿಮೆಂಟ್ ದರ. ಪಟ್ಟಿಯಲ್ಲಿ ಹೆಸರು ಸೇರದ್ದಕ್ಕೆ ಬೋಯನ ಮನೆಗೆ 25,000 ಕಡಿಮೆ.

ಇನ್ನು ಹೆಸರುಗಳ ಕಥೆ. ರಾಜ್ಯ ಗೃಹ ನಿರ್ಮಾಣ ನಿಗಮ ಹುಟ್ಟಿದ್ದು 1979ರಲ್ಲಿ. ಎನ್‌ಟಿಆರ್ ಬಂದ 1983ರಿಂದ ಪಕ್ಕಾ ಮನೆಗಳ ಭರಾಟೆ. 2006ರಲ್ಲಿ ರಾಜಶೇಖರ ರೆಡ್ಡಿಯವರ ಇಂದಿರಮ್ಮ. 2014ರ ನಂತರ ಮತ್ತೆ ಎನ್‌ಟಿಆರ್. 2019ರ ನಂತರ ನವರತ್ನ, ಜಗನನ್ನ. ಮನೆ ಅದೇ, ಬೋರ್ಡು ಬೇರೆ. ಹಿಂದಿನ ಹೆಸರಿನಲ್ಲಿ ಅರ್ಧ ಕಟ್ಟಿದವನಿಗೆ ಮುಂದಿನ ಹೆಸರಿನಲ್ಲಿ ಬಿಲ್ಲಿಲ್ಲ. ಅದಕ್ಕಿಂತ ಕ್ರೂರವಾದದ್ದು 2021ರ ಡಿಸೆಂಬರಿನಲ್ಲಿ ಬಂತು: 1983ರಿಂದ 2011ರವರೆಗೆ ಸರ್ಕಾರದ ಸಾಲದಲ್ಲಿ ಕಟ್ಟಿಕೊಂಡ ಮನೆಗಳಿಗೆ ‘ಸಂಪೂರ್ಣ ಗೃಹ ಹಕ್ಕು’ ಬೇಕಿದ್ದರೆ ಒಂದೇ ಗಂಟಿನಲ್ಲಿ ಹಣ ಕಟ್ಟಿ ಎಂದರು. ಹಳ್ಳಿಯಲ್ಲಿ 10,000, ಪುರಸಭೆಯಲ್ಲಿ 15,000, ನಗರಪಾಲಿಕೆಯಲ್ಲಿ 20,000. ಮೂವತ್ತೈದು ವರ್ಷ ವಾಸವಾಗಿದ್ದ ಮನೆಯಲ್ಲಿ, ಮಣ್ಣು ಉದುರುವ ಗೋಡೆಯ ಕೆಳಗೆ ಕೂತ ಮುದುಕಿಗೆ ‘ನಿನ್ನ ಮನೆ ಇನ್ನೂ ನಿನ್ನದಾಗಿಲ್ಲ’ ಎಂದು ಹೇಳಲು ಎಂಥ ಧೈರ್ಯ ಬೇಕು! ಹೆಸರಿಗೆ ಸ್ವಯಂಪ್ರೇರಿತ. ಪಿಂಚಣಿ ನಿಂತೀತು ಎಂಬ ಅಂಜಿಕೆ ಹುಟ್ಟಿದ ಮೇಲೆ ಯಾವುದು ಸ್ವಯಂ, ಯಾವುದು ಪ್ರೇರಿತ?

ಕಟ್ಟಡಕ್ಕೆ ಪಕ್ಷದ ಬಣ್ಣ ಬಳಿಯುವ ಚಟ ಎಷ್ಟು ಏರಿತೆಂದರೆ ಪಂಚಾಯ್ತಿ ಕಟ್ಟಡಗಳ ಮೇಲಿನ ಬಣ್ಣ ಕೆರೆದು ತೆಗೆಯಿರಿ ಎಂದು 2020ರಲ್ಲಿ ಹೈಕೋರ್ಟು ಹೇಳಬೇಕಾಯಿತು. ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತಿತು. ಬಳಿದದ್ದು ಜನರ ದುಡ್ಡು, ಕೆರೆದದ್ದೂ ಜನರ ದುಡ್ಡು. 2019ರ ಜೂನ್‌ನಲ್ಲಿ ಹಿಂದಿನ ಸರ್ಕಾರ ಕೃಷ್ಣೆಯ ದಂಡೆಯಲ್ಲಿ ಕಟ್ಟಿಸಿದ್ದ ಪ್ರಜಾ ವೇದಿಕೆ ಎಂಬ ಸಭಾಂಗಣವನ್ನು ಕಲೆಕ್ಟರುಗಳ ಸಭೆ ಅಲ್ಲೇ ನಡೆಸಿ ಮರುದಿನ ರಾತ್ರಿಯಿಂದಲೇ ಕೆಡವತೊಡಗಿದ್ದು ನೆನಪಿರಬಹುದು. ಅದು ಅಕ್ರಮ ಕಟ್ಟಡ ಎಂದೇ ಇಟ್ಟುಕೊಳ್ಳೋಣ. ಆ ರಾತ್ರಿ ರಾಜ್ಯದ ಎಲ್ಲ ಅಧಿಕಾರಿಗಳಿಗೂ ಹೋದ ಸಂದೇಶ ಮಾತ್ರ ಬೇರೆಯೇ ಇತ್ತು: ಹಿಂದಿನವರದ್ದು ಏನಿದ್ದರೂ ಕೈಬಿಡಿ.

ಹಾಗೆ ಕೈಬಿಟ್ಟದ್ದರಲ್ಲಿ ಐದು ರೂಪಾಯಿಯ ಊಟವೂ ಸೇರಿತ್ತು. 2018ರ ಜುಲೈಯಲ್ಲಿ ಶುರುವಾದ ಅಣ್ಣ ಕ್ಯಾಂಟೀನು 2019ರ ಜುಲೈ ಮುಗಿಯುತ್ತಿದ್ದಂತೆ ಬಾಗಿಲು ಹಾಕಿತು. ಮತ್ತೆ ತೆರೆದದ್ದು 2024ರ ಆಗಸ್ಟ್ 15ರಿಂದ. ಐದು ವರ್ಷದ ಹಸಿವಿಗೆ ಬಾಕಿ ಪಾವತಿ ಎಂಬುದಿಲ್ಲ. ಇದನ್ನು ಓದಿ ‘ಆಂಧ್ರದ ರಾಜಕೀಯ ಹಾಗೇ’ ಎಂದು ಕರ್ನಾಟಕದ ಓದುಗರು ಮೀಸೆ ತಿರುವಬೇಡಿ. 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು ಸರ್ಕಾರ ಬದಲಾದಾಗ ಹೇಗೆ ಸೊರಗಿತು, ನಮಗೆ ಗೊತ್ತಿಲ್ಲವೇ? ತಮಿಳುನಾಡಿನಲ್ಲಿ 2021ರ ಮೇನಲ್ಲಿ ಡಿಎಂಕೆ ಗೆದ್ದ ಅಮಲಿನಲ್ಲಿ ಆ ಪಕ್ಷದವರೇ ಚೆನ್ನೈನ ಒಂದು ಅಮ್ಮ ಕ್ಯಾಂಟೀನಿನ ಬೋರ್ಡು ಕಿತ್ತರು. ಪಕ್ಷದ ನಾಯಕ ಸ್ಟಾಲಿನ್ ಆ ಕಾರ್ಯಕರ್ತರನ್ನು ಪಕ್ಷದಿಂದ ಹೊರಹಾಕಿಸಿ, ಬೋರ್ಡನ್ನು ಮತ್ತೆ ಹಚ್ಚಿಸಿದರು. ಎದುರಾಳಿಯ ಹೆಸರಿನಲ್ಲೇ ಅನ್ನ ಬೇಯಲಿ ಎನ್ನುವಷ್ಟು ದೊಡ್ಡತನ ಒಬ್ಬ ರಾಜಕಾರಣಿಗೆ ಸಾಧ್ಯವಾಗುತ್ತದೆ ಎಂದಾಯಿತು.

ಆದರೆ ಬಡವನ ಬದುಕು ಮುಖ್ಯಮಂತ್ರಿಯ ದೊಡ್ಡತನದ ಮೇಲೆ ನಿಲ್ಲಬೇಕೇ? ನನ್ನ ತಕರಾರಿನ ಬುಡ ಇಲ್ಲಿದೆ. ಇಷ್ಟೆಲ್ಲ ಮನೆ, ಊಟ, ಹಾಸ್ಟೆಲುಗಳ ಹಿಂದೆ ಇರುವುದು ಸರ್ಕಾರಿ ಆದೇಶ, ಜಿಒ. ಒಂದು ಹಾಳೆಯಲ್ಲಿ ಹುಟ್ಟಿದ್ದು ಇನ್ನೊಂದು ಹಾಳೆಯಲ್ಲಿ ಸಾಯುತ್ತದೆ. ಯಾವ ಸದನವೂ ಚರ್ಚಿಸಬೇಕಿಲ್ಲ, ಯಾವ ಶಾಸಕನೂ ಕೈ ಎತ್ತಬೇಕಿಲ್ಲ. ಮನೆಯ ಹಣಕ್ಕೆ ಕಾಯ್ದೆಯ ಕಾವಲಿಲ್ಲ.

ಕಾಯ್ದೆಯಿಂದ ಹಣ ಕಟ್ಟಿಹಾಕುವುದು ಗೊತ್ತಿಲ್ಲದ ರಾಜ್ಯವೇನಲ್ಲ ಇದು. ದಲಿತ ಸಂಘಟನೆಗಳ ದೊಡ್ಡ ಹೋರಾಟದ ಫಲವಾಗಿ ಅವಿಭಜಿತ ಆಂಧ್ರ 2013ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆ ಕಾಯ್ದೆ ಮಾಡಿತು: ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ತೆಗೆದಿಡಲೇಬೇಕು. ಹತ್ತು ವರ್ಷದ ಆಯಸ್ಸಿತ್ತು. 2023ರ ಜನವರಿಯಲ್ಲಿ ಸುಗ್ರೀವಾಜ್ಞೆಯಿಂದ ಇನ್ನೂ ಹತ್ತು ವರ್ಷಕ್ಕೆ ಬೆಳೆಸಿದರು. ಅದೇ 2013ರಲ್ಲಿ ಕರ್ನಾಟಕವೂ ಇಂಥದ್ದೇ ಕಾಯ್ದೆ ಮಾಡಿತು. ಅದರಲ್ಲಿ 7(ಡಿ) ಎಂಬ ಕಿಂಡಿ ಇತ್ತು, ಆ ಕಿಂಡಿಯಿಂದ ಹಣ ಹೊರಗೆ ಹರಿಯುತ್ತಿತ್ತು. 2023ರಲ್ಲಿ ಅದನ್ನು ಮುಚ್ಚಿ ಬೆನ್ನು ತಟ್ಟಿಕೊಂಡವರೇ ಗ್ಯಾರಂಟಿ ಯೋಜನೆಗಳಿಗೆ ಅದೇ ನಿಧಿಯ ಸಾವಿರಾರು ಕೋಟಿ ತೋರಿಸಿದರು. ಹೊಲೆಯ, ಮಾದಿಗರ ಕೇರಿಗೆ ಮನೆಯಾಗಿ ಬರಬೇಕಾದ ಹಣ ಎಲ್ಲರ ಖಾತೆಗೂ ಹೋಗುವ ಹಣದೊಳಗೆ ಕರಗಿಹೋಯಿತು.

ಕಾಯ್ದೆಯೂ ಅಮರ ಅಲ್ಲ, ಒಪ್ಪಿದೆ. ನಮ್ಮ ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ 2006ರ ಫೆಬ್ರುವರಿ 2ರಂದು ಉದ್ಘಾಟನೆಯಾದ ಉದ್ಯೋಗ ಖಾತ್ರಿ ಒಂದು ಕಾಯ್ದೆಯೇ ಆಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಇನ್ನೊಂದನ್ನು ತಂದಿತು. ಕಾಗದದ ಮೇಲೆ 125 ದಿನ; ಆದರೆ ಕೂಲಿಯ ಪೂರಾ ಹಣ ಕೇಂದ್ರವೇ ಕೊಡುತ್ತಿದ್ದುದು ಹೋಗಿ ನೂರಕ್ಕೆ 40 ರಾಜ್ಯದ ತಲೆಗೆ ಬಂತು. ಆದರೂ ನೋಡಿ, ಅದನ್ನು ತೆಗೆಯಲು ಮಸೂದೆ ತರಬೇಕಾಯಿತು, ಸದನದಲ್ಲಿ ಗದ್ದಲವಾಯಿತು, ಯಾರು ಪರ ಯಾರು ವಿರೋಧ ಮಾತಾಡಿದರೆಂದು ದಾಖಲಾಯಿತು. ಟಿಡ್ಕೊ ಮನೆಯ ಕೆಲಸ ನಿಲ್ಲಿಸಿದಾಗ ಯಾರ ಹೆಸರು ಎಲ್ಲಿ ದಾಖಲಾಗಿದೆ?

ದಕ್ಷಿಣ ಆಫ್ರಿಕದ ಸಂವಿಧಾನ ವಸತಿಯನ್ನು ಹಕ್ಕು ಎನ್ನುತ್ತದೆ. ಐರೀನ್ ಗ್ರೂಟ್‌ಬೂಮ್ ಎಂಬ ಬಡ ಹೆಂಗಸು 2000ದಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದಲ್ಲಿ ಆ ಹಕ್ಕಿಗಾಗಿ ಗೆದ್ದಳು, ಜಗತ್ತಿನ ಕಾನೂನು ಪುಸ್ತಕಗಳಲ್ಲೆಲ್ಲ ಅವಳ ಹೆಸರು ಬಂತು. 2008ರಲ್ಲಿ ತಗಡಿನ ಶೆಡ್ಡಿನಲ್ಲೇ ಸತ್ತಳು. ಹಣದ ಕಟ್ಟುಪಾಡಿಲ್ಲದ ಹಕ್ಕಿನ ಗತಿ ಇದು. ಬ್ರಿಟನ್ ಮೊದಲ ಮಹಾಯುದ್ಧದಿಂದ ಬಂದ ಸಿಪಾಯಿಗಳಿಗೆ ಮನೆ ಕೊಡಲು 1919ರಲ್ಲಿ ಮಾಡಿದ ಕಾಯ್ದೆ ಖಜಾನೆಯ ಹಣವನ್ನೂ ಸ್ಥಳೀಯ ಸಂಸ್ಥೆಯ ಹೊಣೆಯನ್ನೂ ಒಟ್ಟಿಗೆ ಬರೆದಿತ್ತು, ಅದಕ್ಕೇ ಮನೆಗಳು ಎದ್ದವು.

ಆದ್ದರಿಂದ ನಾವು ಕೇಳಬೇಕಾದದ್ದು ಇನ್ನೊಂದು ಯೋಜನೆಯನ್ನಲ್ಲ. ಯಾರ ಹೆಸರೂ ಇಲ್ಲದ ಒಂದು ವಸತಿ ಕಾಯ್ದೆಯನ್ನು, ವಿಧಾನಸಭೆಯಲ್ಲಿ ಪಾಸಾದದ್ದನ್ನು. ಬಜೆಟ್ಟಿನ ಇಂತಿಷ್ಟು ಪಾಲು ಬಡವರ ಮನೆಗೆ ಎಂದು ಅದರಲ್ಲಿ ಬರೆದಿರಬೇಕು, ಬೇರೆಡೆಗೆ ತಿರುಗಿಸುವ ಕಿಂಡಿ ಇರಕೂಡದು. ಬುನಾದಿ ಬಿದ್ದ ಮನೆಯ ಕೆಲಸ ಯಾವ ಸರ್ಕಾರ ನಿಲ್ಲಿಸಿದರೂ ಕಾರಣವನ್ನು ಸದನದ ಮುಂದಿಟ್ಟು ಮತ ಪಡೆಯಬೇಕು. ಕೀಲಿ ಕೈಗೆ ಬರುವವರೆಗೆ ಕಂತು ಶುರುವಾಗಕೂಡದು. ತಡವಾದಷ್ಟು ದಿನದ ಬಡ್ಡಿಯೂ ಬಾಡಿಗೆಯೂ ಸರ್ಕಾರದ್ದು. ಎರೆ ನೆಲಕ್ಕೆ ಪಾಯದ ಹಣ ಬೇರೆ ಕೊಡಬೇಕು. ಸುಗ್ಗಿಗೆ ಹೋದವರ ಮನೆಯನ್ನು ‘ಶುರು ಮಾಡಿಲ್ಲ’ ಎಂದು ರದ್ದು ಮಾಡುವಂತಿಲ್ಲ, ಅವರ ಮಕ್ಕಳ ಹಾಸ್ಟೆಲು ದಸರೆಗೇ ತೆರೆಯಬೇಕು. ಫಲಾನುಭವಿಗಳ ಪಟ್ಟಿ ಈ ಮಂಡಲಗಳಲ್ಲಿ ತೆಲುಗಿನ ಜತೆ ಕನ್ನಡದಲ್ಲೂ ಊರೂರಿನ ಸರ್ಕಾರಿ ಕಚೇರಿಯ ಗೋಡೆಗೆ ಅಂಟಬೇಕು. ಇಲ್ಲಿ ಎಲ್ಲರಿಗೂ ತೆಲುಗು ಮಾತು ಬರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಓದಲು ಬರುವುದು ಕನ್ನಡ. ಇದರಲ್ಲಿ ಒಂದಾದರೂ ಅತಿಯಾಸೆ ಇದೆಯೇ, ನೀವೇ ಹೇಳಿ.

ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ಅರ್ಜಿ ತೆಗೆದುಕೊಳ್ಳುತ್ತಾರೆ. ಆ ಏರ್ಪಾಡಿಗೆ ಒಮ್ಮೆ ‘ಮೀ ಕೋಸಂ’ ಎಂದರು, ಆಮೇಲೆ ‘ಸ್ಪಂದನ’ ಎಂದರು, ಈಗ ಪಿಜಿಆರ್‌ಎಸ್ ಎನ್ನುತ್ತಾರೆ. ಅಲ್ಲೂ ಹೆಸರು ಬದಲಿಸುವುದನ್ನು ಬಿಟ್ಟಿಲ್ಲ. ಟಿಡ್ಕೊಗೆ ಹಣ ಕಟ್ಟಿದವರು ಡಿಡಿಯ ಜೆರಾಕ್ಸ್, ಬ್ಯಾಂಕಿನ ನೋಟಿಸು ಹಿಡಿದು, ಕಾಲನಿಯವರು ಪಟ್ಟಾ ಹಿಡಿದು ಒಂದೇ ಸೋಮವಾರ ಒಟ್ಟಿಗೆ ಹೋಗಿ. ಒಬ್ಬೊಬ್ಬರೇ ಹೋದರೆ ‘ನಾಳೆ ಬಾ’ ಎನ್ನುತ್ತಾರೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ತೆಲುಗಿನಲ್ಲಿ ತಾ ಎಂದು ಯಾರಾದರೂ ಹಿಂದಕ್ಕೆ ಕೊಟ್ಟರೆ ಸಂವಿಧಾನದ 350ನೇ ವಿಧಿಯನ್ನು ಹೇಳಿ: ತನ್ನ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಸ್ವೀಕೃತಿಯ ರಸೀದಿ ಪಡೆಯದೆ ಅಲ್ಲಿಂದ ಏಳಬೇಡಿ.